ಕೃತಕ ಕಾಲು ಬಿಚ್ಚಬೇಕಾಗಿಲ್ಲ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೊರಟ ನಿಮ್ಮ ತಂದೆಯವರ ಕೃತಕ ಕಾಲನ್ನು ತಪಾಸಣೆಯಲ್ಲಿ ಬಿಚ್ಚಿಸುತ್ತಾರಾ ಅಂತ ಕೇಳಿದ್ದೀರಿ. ಬಿಚ್ಚಿಸಬಾರದು ರೀ. ಇದು ಮನುಷ್ಯನ ಘನತೆಯ ಪ್ರಶ್ನೆ ಅಂತ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಟಿ ಸುಧಾ ಚಂದ್ರನ್ ಪ್ರತಿ ಸಲ ಕಾಲು ತೆಗೆದು ತೋರಿಸುವ ನೋವನ್ನು ವಿಡಿಯೊದಲ್ಲಿ ತೋಡಿಕೊಂಡಿದ್ದರು.

ಹಾಗಂತ ತಪಾಸಣೆಯೇ ಬೇಡ ಅಂದರೆ ವಿಮಾನ ಹತ್ತಲು ಬಿಡುವುದಿಲ್ಲ. ಮೆಟಲ್ ಡಿಟೆಕ್ಟರ್ ಕೂಗುವ ಮುಂಚೆಯೇ ಹೇಳಿಬಿಡಿ, ಪ್ರತ್ಯೇಕ ಕೋಣೆ ಕೇಳಿ.

ನಮ್ಮ ಕಾಕಾ ಒಮ್ಮೆ ಬೇರೆ ಊರಲ್ಲಿ, ಸಾಲಿನಲ್ಲೇ ಧೋತರ ಮೇಲೆತ್ತಿ, ಕಾಲಿನ ಪಟ್ಟಿ ಸಡಿಲಿಸುತ್ತ, ಗೋಡೆ ಹಿಡಿದು ಒಂಟಿಗಾಲಲ್ಲಿ ನಿಂತಿದ್ದರು. ಹಿಂದಿದ್ದವರೆಲ್ಲ ನೋಡುತ್ತಿದ್ದರು. ಭದ್ರತೆ ಬೇಕು, ಆದರೆ ಹೀಗಲ್ಲ ಅಲ್ವಾ? ಡಾಕ್ಟರ ಚೀಟಿ ಜೊತೆಗಿರಲಿ, ಒಂದು ತಾಸು ಜಾಸ್ತಿ ಇಟ್ಟುಕೊಂಡು ಹೊರಡಿ.