ಹಳೇ ಪೆಜೊ ಸೈಕಲ್ಲಿನ ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಬಿಚ್ಚುವ ಮುಂಚೆ ಬಲಗಡೆ ಬೇರಿಂಗ್ ಕಪ್ಪನ್ನು ಒರೆಸಿ ಓದಿ

ಫ್ರಾನ್ಸಿನ ಲಿಯೋಂನಲ್ಲಿ 70ರ ದಶಕದ ಪೆಜೊ, ಅಂದರೆ ಅಲ್ಲಿಯದೇ ಕಂಪನಿಯ ಸೈಕಲ್ಲು, ತಗೊಂಡಿದ್ದೀರಿ, ಪೆಡಲ್ ತುಳಿದಾಗ ಟಕ್ ಟಕ್ ಅನ್ನುತ್ತದೆ, ಅಚ್ಚಿಗೆ ಓರೆ ಪಿನ್ನು ಹೊಡೆದು ಕೂರಿಸಿದ ಕಬ್ಬಿಣದ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಕಿತ್ತು ಹೊಸ ಅಲ್ಯೂಮಿನಿಯಂ ಕ್ರ್ಯಾಂಕೂ ಸೀಲ್ಡ್ ಬಿ.ಬಿ.ಯೂ ಹಾಕಬೇಕು ಅಂತಿದ್ದೀರಿ. ಬಿ.ಬಿ. ಅಂದರೆ ಎರಡು ಕ್ರ್ಯಾಂಕನ್ನು ಸೇರಿಸುವ ಅಚ್ಚು, ಅದರ ಬೇರಿಂಗ್ ಗುಂಡುಗಳು, ಗುಂಡು ಕೂರುವ ಎರಡು ಬಟ್ಟಲು; ಈ ಬಟ್ಟಲನ್ನೇ ಕಪ್ಪು ಅನ್ನುವುದು. ಫ್ರೇಮಿನ ಕೆಳಗಿನ ಅಡ್ಡ ಕೊಳವೆಗೆ, ಅಂದರೆ ಶೆಲ್ಲಿಗೆ, ಎಡಗಡೆ ಒಂದು, ಚೈನ್ ಇರುವ ಬಲಗಡೆ ಒಂದು ಕಪ್ಪನ್ನು ತಿರುಗಿಸಿ ಕೂರಿಸಿರುತ್ತಾರೆ. ಆನ್‌ಲೈನಿನಲ್ಲಿ ಸಿಗುವ ಮಾಮೂಲಿ ಇಂಗ್ಲಿಷ್ ತ್ರೆಡ್ಡಿನದರ ಅಗಲ 34.8 ಮಿ.ಮೀ., ನಿಮ್ಮದು 35, ಬರೀ 0.2 ಮಿ.ಮೀ. ವ್ಯತ್ಯಾಸ, ಕೂರುತ್ತಾ ಅಂತ ಕೇಳಿದ್ದೀರಿ. ಕೂರಲ್ಲ. ಆರ್ಡರ್ ಹಾಕಿದ್ದರೆ ಇವತ್ತೇ ಕ್ಯಾನ್ಸಲ್ ಮಾಡಿ. ಅದಕ್ಕಿಂತ ಮುಖ್ಯವಾಗಿ, ಬದಲಾಯಿಸುವ ಅಗತ್ಯವೇ ನಿಮಗಿಲ್ಲ ಅಂತ ನನ್ನ ಅನಿಸಿಕೆ. ಹನ್ನೆರಡು ವರ್ಷದ ಹಿಂದೆ ಇದೇ ಸದ್ದು ಕೇಳಿ, ಇದೇ ತೀರ್ಮಾನ ಮಾಡಿ, ನಾನು ಒಂದು ಒಳ್ಳೇ ಫ್ರೇಮನ್ನು ಹಾಳು ಮಾಡಿದೆ.

ಆಗ ನಾನು ಸೇಂಟ್ ಎಟಿಯೆನ್‌ನಲ್ಲಿ ಓದುತ್ತಿದ್ದೆ. ಊರು ಪೂರ್ತಿ ಸೈಕಲ್ಲಿನದು. ಪಿನ್ನಿಲ್ಲದ ಅಲ್ಯೂಮಿನಿಯಂ ಕ್ರ್ಯಾಂಕನ್ನು 1933ರಲ್ಲಿ ಮಾರುಕಟ್ಟೆಗೆ ತಂದ ಸ್ಟ್ರಾಂಗ್‌ಲೈಟ್ ಅಲ್ಲಿಯದೇ ಕಂಪನಿ. ಗೇರ್ ಸೈಕಲ್ಲಿಗಾಗಿ ಜೀವಮಾನವಿಡೀ ವಾದ ಮಾಡಿದ ಪಾಲ್ ದ ವಿವಿ, ಅಂದರೆ ಎಲ್ಲರೂ ವೆಲೋಸಿಯೋ ಅಂತ ಕರೆಯುವವರು, ಅದೇ ಊರಿನಲ್ಲಿದ್ದವರು. ಒಂದು ಭಾನುವಾರ ಜನ ಅಟ್ಟದ ಮೇಲಿನ ಹಳೇ ಸಾಮಾನೆಲ್ಲ ಬೀದಿಗೆ ತಂದು ಮಾರುತ್ತಿದ್ದಾಗ ಒಂದು ನೀಲಿ ಪೆಜೊ ಕಣ್ಣಿಗೆ ಬಿತ್ತು. 60 ಯೂರೋ ಕೊಟ್ಟು ತಂದೆ. ಮೂರನೇ ದಿನ ಸದ್ದು ಶುರುವಾಯ್ತು. ಎಡಗಾಲು ಕೆಳಗೆ ಒತ್ತಿದಾಗ ಒಂದು ಟಕ್, ಕಾಲು ಮೇಲೆ ಬರುವಾಗ ಇನ್ನೊಂದು. ಬಿ.ಬಿ. ಹೋಗಿದೆ ಅಂದುಕೊಂಡೆ.

ನನಗೆ ಸೈಕಲ್ ಕೆಲಸ ಹೊಸದಲ್ಲ. ದಾವಣಗೆರೆಯಲ್ಲಿ ನಮ್ಮ ಸೋದರಮಾವನದು ಸೈಕಲ್ ಶಾಪು. ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಪಂಕ್ಚರ್ ಹಾಕಿದವನು, ಚಕ್ರದ ಔಟ್ ತೆಗೆದವನು, ಬಿ.ಬಿ. ಬಿಚ್ಚಿ ಸೀಮೆಎಣ್ಣೆಯಲ್ಲಿ ಗುಂಡು ತೊಳೆದವನು ನಾನು. ಮಾವ ಮೊದಲ ದಿನ ಹೇಳಿಕೊಟ್ಟಿದ್ದು ಇದು: "ಚೈನ್ ಕಡೆ ಕಪ್ಪು ಉಲ್ಟಾ ಕಣೋ. ಬಿಚ್ಚೋಕೆ ಬಿಗಿ ಮಾಡೋ ಹಾಗೆ ತಿರುಗಿಸು." ನಮ್ಮ ಅಟ್ಲಾಸ್, ಹೀರೋ ಎಲ್ಲದಕ್ಕೂ ಆ ಮಾತು ನಿಜ. ಅವು ಇಂಗ್ಲಿಷ್ ಪದ್ಧತಿಯವು. ಪೆಡಲ್ ತುಳಿಯುವಾಗ ಗುಂಡುಗಳು ಉರುಳುತ್ತಾ ಕಪ್ಪನ್ನು ಅಚ್ಚು ತಿರುಗುವುದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೂದಲೆಳೆಯಷ್ಟು ಎಳೆಯುತ್ತಿರುತ್ತವೆ. ಚೈನ್ ಕಡೆ ಸಾಮಾನ್ಯ ತ್ರೆಡ್ ಇದ್ದರೆ ಆ ಎಳೆತಕ್ಕೆ ಕಪ್ಪು ಸಡಿಲವಾಗುತ್ತದೆ. ಅದಕ್ಕೇ ಇಂಗ್ಲಿಷಿನವರು ಆ ಕಡೆ ಎಡ ತ್ರೆಡ್, ಅಂದರೆ ಉಲ್ಟಾ ತಿರುಗುವ ತ್ರೆಡ್, ಕೊಟ್ಟರು. ಫ್ರೆಂಚರು ಕೊಡಲಿಲ್ಲ. ಅವರದು 35 ಮಿ.ಮೀ. ಅಗಲ, 1 ಮಿ.ಮೀ. ಪಿಚ್ (ತ್ರೆಡ್ಡಿನ ಒಂದು ಸುತ್ತಿಗೂ ಮುಂದಿನದಕ್ಕೂ ಇರುವ ಅಂತರ), ಎರಡೂ ಕಡೆ ಸಾಮಾನ್ಯ ಬಲ ತ್ರೆಡ್. ಬಿಚ್ಚಬೇಕಾದರೆ ಎರಡೂ ಕಡೆ ಗಡಿಯಾರದ ಮುಳ್ಳಿಗೆ ವಿರುದ್ಧವೇ ತಿರುಗಿಸಬೇಕು. ನನಗೆ ಇದು ಗೊತ್ತಿರಲಿಲ್ಲ. ಹೀಗೂ ಇರಬಹುದು ಅನ್ನುವುದೇ ತಲೆಗೆ ಹೊಳೆಯಲಿಲ್ಲ.

ಶನಿವಾರ ಸಂಜೆ. ಪಿನ್ನು ತೆಗೆದೆ, ಕ್ರ್ಯಾಂಕ್ ತೆಗೆದೆ. ಎಡಗಡೆ ಲಾಕ್ ರಿಂಗೂ ಕಪ್ಪೂ ಸಲೀಸಾಗಿ ಬಂದವು. ಮುಂದಿನ ತಪ್ಪಿಗೆ ಈ ಸಲೀಸೇ ದಾರಿ ಮಾಡಿಕೊಟ್ಟಿತು. ಎಡಗಡೆ ಕಪ್ಪು ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಒಂದೇ ದಿಕ್ಕಿಗೆ ಬಿಚ್ಚುತ್ತದೆ. ಹಾಗಾಗಿ ಅದು ಬಂದ ತಕ್ಷಣ "ಎಲ್ಲ ನಮ್ಮೂರಿನ ಹಾಗೇ ಇದೆ" ಅಂತ ಧೈರ್ಯ ಬಂತು. ಚೈನ್ ಕಡೆ ಕಪ್ಪಿನ ಎರಡು ಚಪ್ಪಟೆ ಬದಿಗೆ ದೊಡ್ಡ ಸ್ಪ್ಯಾನರ್ ಹಾಕಿ, ಮಾವ ಹೇಳಿದ ಹಾಗೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ಒತ್ತಿದೆ. ಅಲ್ಲಾಡಲಿಲ್ಲ. ತುಕ್ಕು ಅಂದುಕೊಂಡು ಎಣ್ಣೆ ಬಿಟ್ಟು ಒಂದು ಗಂಟೆ ಕಾದೆ. ಮತ್ತೆ ಒತ್ತಿದೆ. ಸ್ಪ್ಯಾನರಿನ ಹಿಡಿಗೆ ಒಂದು ಮೀಟರ್ ಉದ್ದದ ಪೈಪ್ ತೂರಿಸಿ, ಫ್ರೇಮನ್ನು ಗೋಡೆಗೆ ಆನಿಸಿ, ಮೈಭಾರವನ್ನೆಲ್ಲ ಹಾಕಿದೆ. ಕಿರ್ ಅಂತ ಸದ್ದಾಗಿ ಕಪ್ಪು ತಿರುಗಿತು. ಬಂತು ಅಂದುಕೊಂಡೆ. ಇನ್ನೊಂದು ಸುತ್ತು, ಇನ್ನೊಂದು ಸುತ್ತು. ತಿರುಗುತ್ತಿದೆ, ಹೊರಗೆ ಬರುತ್ತಿಲ್ಲ. ಟಾರ್ಚ್ ಹಿಡಿದು ಶೆಲ್ಲಿನ ಒಳಗೆ ನೋಡಿದರೆ, ಹಳೇ ಕರೀ ಗ್ರೀಸಿನ ಮೇಲೆ ಬೆಳ್ಳಿ ದಾರದ ಹಾಗೆ ಸುರುಳಿ ಸುತ್ತಿಕೊಂಡು ಬಿದ್ದಿದ್ದು ಫ್ರೇಮಿನ ತ್ರೆಡ್ಡು.

ಅಷ್ಟಾದ ಮೇಲೆ, ಬಟ್ಟೆ ತಗೊಂಡು ಕಪ್ಪಿನ ಹೊರಮೈ ಒರೆಸಿದೆ. ಕೊಳೆ ಹೋದ ಜಾಗದಲ್ಲಿ ಸ್ಪಷ್ಟವಾಗಿ ಕೊರೆದಿತ್ತು: 35×1. ಬಿಚ್ಚುವ ಮುಂಚೆ ಒರೆಸಿದ್ದರೆ ಕಾಣುತ್ತಿತ್ತು. ಎಡಗಡೆ ಕಪ್ಪು ಕೈಗೆ ಬಂದಾಗಲಾದರೂ ಕ್ಯಾಲಿಪರ್ ಹಿಡಿದಿದ್ದರೆ ಇದು ಇಂಗ್ಲಿಷ್ ಅಲ್ಲ ಅಂತ ಅನುಮಾನವಾದರೂ ಬರುತ್ತಿತ್ತು. ಇಷ್ಟು ವರ್ಷ ಆದ ಮೇಲೂ ನನಗೆ ಬೇಜಾರಾಗುವುದು ಶಕ್ತಿ ಹಾಕಿದ್ದಕ್ಕಲ್ಲ. ಅಲ್ಲಾಡದ ವಸ್ತು ಎರಡು ಗಂಟೆ ಹೊತ್ತು ಏನೋ ಹೇಳುತ್ತಿತ್ತು, ನಾನು ಅದಕ್ಕೆ ಪೈಪಿನಿಂದ ಉತ್ತರ ಕೊಟ್ಟೆ.

ಮಂಗಳವಾರ ಫ್ರೇಮ್ ಹೊತ್ತುಕೊಂಡು ನಾವೇ ರಿಪೇರಿ ಮಾಡಿಕೊಳ್ಳಬಹುದಾದ ಕಾರ್ಯಾಗಾರಕ್ಕೆ ಹೋದೆ. ಫ್ರಾನ್ಸಿನ ಬಹಳ ಊರುಗಳಲ್ಲಿ ಇವು ಇವೆ, ಚಂದಾ ಕಟ್ಟಿದರೆ ಉಪಕರಣ ಬಳಸಬಹುದು. ಅಲ್ಲಿದ್ದ ಹಿರಿಯರೊಬ್ಬರು ಬೈಯಲಿಲ್ಲ. ಬೇರೊಂದು ಫ್ರೆಂಚ್ ಫ್ರೇಮ್ ತಂದು, ಚೈನ್ ಕಡೆ ಕೆಳಗೆ ಬರುವ ಹಾಗೆ ಹಿಡಿದು, ಕಪ್ಪಿನ ಚಪ್ಪಟೆ ಬದಿಗಳನ್ನು ಬೆಂಚ್ ವೈಸಿನ ಬಾಯಲ್ಲಿ ಬಿಗಿ ಮಾಡಿದರು. ಆಮೇಲೆ ಇಡೀ ಫ್ರೇಮನ್ನೇ ಲಾರಿ ಸ್ಟೇರಿಂಗಿನ ಹಾಗೆ ಹಿಡಿದು, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ತಿರುಗಿಸಿದರು. ಚಟ್ ಅಂತ ಬಿಟ್ಟಿತು. ಸ್ಪ್ಯಾನರ್ ಜಾರುವ ಮಾತೇ ಇಲ್ಲ. ಬಲಗಡೆ ಕಪ್ಪು ತೆಗೆಯಲೇಬೇಕು ಅನ್ನುವ ಪರಿಸ್ಥಿತಿ ಬಂದರೆ ನೀವು ಹೀಗೇ ಮಾಡಿ. ಉದ್ದ ಬೋಲ್ಟು, ವಾಷರು, ನಟ್ಟು ಹಾಕಿ ಬಿಗಿ ಮಾಡುತ್ತಾ ಕಪ್ಪು ತಿರುಗಿಸುವ ಉಪಾಯ ಎಲ್ಲ ಕಡೆ ಓದಲು ಸಿಗುತ್ತದೆ. ಅದು ಎಡ ತ್ರೆಡ್ಡಿನ ಕಪ್ಪು ಬಿಚ್ಚಲು ಚೆನ್ನ. ಫ್ರೆಂಚ್ ಕಪ್ಪಿನ ಮೇಲೆ ಹಾಗೇ ಮಾಡಿದರೆ ಅದು ಇನ್ನೂ ಬಿಗಿಯಾಗುತ್ತದೆ, ನನ್ನ ಪೈಪ್ ಮಾಡಿದ ಕೆಲಸವನ್ನೇ ಮಾಡುತ್ತದೆ.

ನನ್ನ ಫ್ರೇಮಿಗೆ ಉಳಿದ ದಾರಿ ಎರಡು. ಶೆಲ್ಲನ್ನು ಕೊರೆದು ಇಟಾಲಿಯನ್ ಅಳತೆಗೆ, ಅಂದರೆ 36 ಮಿ.ಮೀ.ಗೆ, ಹೊಸ ತ್ರೆಡ್ ಹಾಕಿಸುವುದು. ಇಲ್ಲವೇ ತ್ರೆಡ್ಡೇ ಬೇಡದ, ಎರಡೂ ಕಡೆಯಿಂದ ಒಂದಕ್ಕೊಂದು ಬಿಗಿಯಾಗಿ ಶೆಲ್ಲನ್ನು ಕಚ್ಚಿಕೊಳ್ಳುವ ಬಿ.ಬಿ. ಹಾಕುವುದು. ಎರಡನೆಯದನ್ನೇ ಹಾಕಿದೆ. ಅದರ ಜೊತೆ ಹೊಸ ಕ್ರ್ಯಾಂಕು, ಹೊಸ ಕ್ರ್ಯಾಂಕಿಗೆ ಹೊಸ ಪೆಡಲು. ಯಾಕೆಂದರೆ ಹಳೇ ಫ್ರೆಂಚ್ ಪೆಡಲಿನ ಅಚ್ಚು 14 ಮಿ.ಮೀ., ಈಗಿನದು ಇಂಚಿನ 9/16, ಅಂದರೆ 14.3 ಹತ್ತಿರ. ಹಳೇ ಪೆಡಲ್ ಹೊಸ ಕ್ರ್ಯಾಂಕಿನಲ್ಲಿ ಲೊಡಲೊಡ ಅನ್ನುತ್ತದೆ. ಚೈನ್ ಮುಂದಿನಿಂದ ಹಿಂದಕ್ಕೆ ನೇರ ಸಾಲಿಗೆ ಬರಲಿಲ್ಲ, ಚೈನನ್ನು ಹಲ್ಲಿಂದ ಹಲ್ಲಿಗೆ ದಾಟಿಸುವ ಮುಂದಿನ ಡೆರೇಲರ್ ಕೂಡ ಬದಲಾಯ್ತು. ಒಟ್ಟು ಖರ್ಚು ಸೈಕಲ್ಲಿಗೆ ಕೊಟ್ಟ ದುಡ್ಡಿನ ಮೂರರಷ್ಟು.

ಕಳಚಿದ ಹಳೇ ಸಾಮಾನನ್ನು ಆ ಹಿರಿಯರು ಮೇಜಿನ ಮೇಲೆ ಹರಡಿ ತೊಳೆದರು. ಕಪ್ಪುಗಳ ಒಳಮೈ ಕನ್ನಡಿಯ ಹಾಗಿತ್ತು. ಅಚ್ಚಿನ ಮೇಲೆ ಗುಂಡು ಓಡುವ ದಾರಿಯಲ್ಲಿ ಒಂದು ಗುಳಿ ಇಲ್ಲ. ಗ್ರೀಸ್ ಒಣಗಿ ಮೇಣವಾಗಿತ್ತು, ಅಷ್ಟೇ. ಕೊನೆಗೆ ಎಡಗಡೆ ಪಿನ್ನನ್ನು ಎತ್ತಿ ತೋರಿಸಿದರು. ಅದರ ಓರೆ ಮೈಯಲ್ಲಿ, ಅಚ್ಚು ತಾಗುವ ಜಾಗದಲ್ಲಿ, ಉಗುರು ಸಿಕ್ಕಿಕೊಳ್ಳುವಷ್ಟು ಒಂದು ಮೆಟ್ಟಿಲು ಬಿದ್ದಿತ್ತು. ಟಕ್ ಟಕ್ ಅಂದಿದ್ದು ಅದು.

ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಪೆಡಲ್ ಒತ್ತಿದಾಗ ಒಂದು ಸದ್ದು, ಮೇಲೆ ಬರುವಾಗ ಇನ್ನೊಂದು ಅಂತ ನೀವೂ ಬರೆದಿದ್ದೀರಿ. ಮೊದಲು ಪಿನ್ನು ಬದಲಿಸಿ. ಫ್ರೆಂಚ್ ಕ್ರ್ಯಾಂಕಿಗೆ ಹೆಚ್ಚಾಗಿ 9 ಮಿ.ಮೀ. ಪಿನ್ನು, ನಮ್ಮೂರಿನದು 9.5, ಹಾಗಾಗಿ ಊರಿಂದ ತರಿಸಬೇಡಿ, ಕ್ಯಾಲಿಪರ್ ಹಿಡಿದು ಅಳೆದು ಅಲ್ಲೇ ತಗೊಳ್ಳಿ. ಹಳೇ ಪಿನ್ನು ಹೊರಗೆ ತೆಗೆಯಲು ಕಾರ್ಯಾಗಾರದಲ್ಲಿ ಪ್ರೆಸ್ ಇದ್ದರೆ ಅದನ್ನೇ ಬಳಸಿ. ಸುತ್ತಿಗೆಯೇ ಗತಿ ಅಂದರೆ ಕ್ರ್ಯಾಂಕಿನ ಕೆಳಗೆ, ಪಿನ್ನಿನ ಸುತ್ತ, ನೆಲಕ್ಕೆ ಮುಟ್ಟುವ ಗಟ್ಟಿ ಪೈಪಿನ ಆಸರೆ ಕೊಡಿ. ಇಲ್ಲದಿದ್ದರೆ ಪ್ರತಿ ಏಟೂ ಗುಂಡುಗಳ ಮೂಲಕ ಕಪ್ಪಿಗೆ ಹೋಗಿ ಗುಳಿ ಬೀಳುತ್ತದೆ. ಹೇಗೂ ಕ್ರ್ಯಾಂಕ್ ಕಳಚಿರುತ್ತೀರಿ, ಎಡಗಡೆ ಕಪ್ಪು ಮಾತ್ರ ತೆಗೆದು, ಅಚ್ಚು ಎಳೆದು, ಬಲಗಡೆ ಕಪ್ಪನ್ನು ಇದ್ದಲ್ಲೇ ಬಟ್ಟೆಯಿಂದ ಒರೆಸಿ, ಹೊಸ ಗ್ರೀಸ್ ತುಂಬಿ, ಕಾಲು ಇಂಚಿನ ಹೊಸ ಗುಂಡು ಒಂದೊಂದು ಕಡೆ ಹನ್ನೊಂದು ಹಾಕಿ. ಬಲಗಡೆ ಕಪ್ಪು ಬಿಚ್ಚುವ ಕೆಲಸವೇ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಅಚ್ಚು ಅಥವಾ ಕಪ್ಪು ಗುಳಿಬಿದ್ದಿದೆ ಅಂತಾದರೆ, ಫ್ರೆಂಚ್ ತ್ರೆಡ್ಡಿನ ರಿಂಗ್ ಜೊತೆ ಬರುವ ಸೀಲ್ಡ್ ಬಿ.ಬಿ.ಗಳಿವೆ, ಫಿಲ್ ವುಡ್ ಅನ್ನುವ ಅಮೆರಿಕದ ಕಂಪನಿಯದು ಒಂದು. ದುಬಾರಿ, ಆದರೆ ಸರಿಯಾದದ್ದು. ಇಂಗ್ಲಿಷಿನದನ್ನು ಒತ್ತಿ ಕೂರಿಸುವ ಯೋಚನೆ ಮಾತ್ರ ಬೇಡ. ಎಡಗಡೆ ಎರಡು ಸುತ್ತು ಹೋದ ಹಾಗೆ ಮಾಡಿ ಆಮೇಲೆ ಪಿಚ್ ಹೊಂದದೆ ಕಚ್ಚಿಕೊಳ್ಳುತ್ತದೆ, ಬಲಗಡೆಯಂತೂ ದಿಕ್ಕೇ ಉಲ್ಟಾ. ಹಳೇ ಸ್ಟ್ರಾಂಗ್‌ಲೈಟ್ ಅಥವಾ ಟಿಎ (ಇನ್ನೊಂದು ಫ್ರೆಂಚ್ ಕಂಪನಿ) ಕ್ರ್ಯಾಂಕ್ ಸಿಕ್ಕಿತು ಅಂತ ಆಸೆಪಟ್ಟು ಕೊಂಡರೆ ಅದನ್ನು ಕೀಳುವ ಎಕ್ಸ್‌ಟ್ರ್ಯಾಕ್ಟರ್ ಕೂಡ ಬೇರೆ. ಈಗಿನದು 22 ಮಿ.ಮೀ., ಟಿಎಗೆ 23, ಹಳೇ ಸ್ಟ್ರಾಂಗ್‌ಲೈಟಿಗೆ 23.35.

ಇನ್ನೊಂದು ವಿಷಯ. 70ರ ದಶಕದ ಪೆಜೊ ಸಾಮಾನ್ಯವಾಗಿ ಫ್ರೆಂಚ್ ತ್ರೆಡ್ಡೇ. ಆದರೆ 80ರ ಹೊತ್ತಿನ ಕೆಲವು ಪೆಜೊ, ಮೋತೋಬೇಕಾನ್ ಅನ್ನುವ ಇನ್ನೊಂದು ಫ್ರೆಂಚ್ ಕಂಪನಿಯ ಎಷ್ಟೋ ಸೈಕಲ್ಲುಗಳು ಸ್ವಿಸ್ ತ್ರೆಡ್ಡಿನವು. ಅಳತೆ ಅದೇ 35×1, ಆದರೆ ಚೈನ್ ಕಡೆ ಎಡ ತ್ರೆಡ್. ಎಡಗಡೆ ಕಪ್ಪು ನೋಡಿ ಫ್ರೆಂಚೋ ಸ್ವಿಸ್ಸೋ ಅಂತ ಹೇಳಲು ಸಾಧ್ಯವೇ ಇಲ್ಲ. ಹಾಗಾಗಿ ಬಲಗಡೆ ಕಪ್ಪಿನ ಮುಖವನ್ನು ಸೀಮೆಎಣ್ಣೆ ಹಾಕಿ ಒರೆಸಿ, ಅಲ್ಲಿ ಏನು ಕೊರೆದಿದೆ ಅಂತ ಫೋಟೋ ತೆಗೆದು ಇಲ್ಲಿ ಹಾಕಿ. ಅಂಕಿಯ ಪಕ್ಕ ಅಕ್ಷರ ಇದ್ದರೆ ಅದೂ ಕಾಣುವ ಹಾಗಿರಲಿ. ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಆ ಕಪ್ಪಿಗೆ ಸ್ಪ್ಯಾನರ್ ಹಾಕಬೇಡಿ.