ಬೆನ್ನುಹುರಿಯ ನ್ಯೂರೋಪೆಪ್ಟೈಡ್‌ಗಳು ಇಲಿ, ಬೆಕ್ಕುಗಳ ಮೂತ್ರಕೋಶವನ್ನು ಹೇಗೆ ನಿಯಂತ್ರಿಸುತ್ತವೆ?

ಕೆಲವು ಪೆಪ್ಟೈಡ್‌ಗಳು (ನರಕೋಶಗಳು ಸಂದೇಶಕ್ಕೆ ಬಳಸುವ ಚಿಕ್ಕ ಪ್ರೋಟೀನ್ ತುಣುಕುಗಳು) ‘ಹೋಗು’ ಎನ್ನುತ್ತವೆ, ಕೆಲವು ‘ಸ್ವಲ್ಪ ತಡಿ’ ಎನ್ನುತ್ತವೆ. ಮೂತ್ರಕೋಶ ತುಂಬಿದ ಸುದ್ದಿ ನರಗಳ ಮೂಲಕ ಬೆನ್ನುಹುರಿಯ ಕೆಳಭಾಗಕ್ಕೆ ಬರುತ್ತದೆ. ಇಲಿಯಲ್ಲಿ ಅದು ಮುಖ್ಯವಾಗಿ ಎಲ್‌6 (ಸೊಂಟದ), ಎಸ್‌1 (ಅದರ ಕೆಳಗಿನ) ಎಂಬ ಭಾಗ. ಅಲ್ಲಿ ಸಂದೇಶ ದಾಟಿಸುವ ವೇಗದ ಕೆಲಸ ಗ್ಲುಟಮೇಟ್ ಎಂಬ ನರರಾಸಾಯನಿಕದ್ದು. ಪೆಪ್ಟೈಡ್‌ಗಳು ವಾಲ್ಯೂಮ್ ಬಟನ್ ಇದ್ದ ಹಾಗೆ.

ಸಬ್‌ಸ್ಟೆನ್ಸ್ ಪಿ ಎಂಬ ಪೆಪ್ಟೈಡ್ ವಾಲ್ಯೂಮ್ ಏರಿಸುತ್ತದೆ. ಸಿ-ಫೈಬರ್ ಎಂಬ ತೆಳು ನರಗಳು ಇದನ್ನು ಬಿಡುಗಡೆ ಮಾಡುತ್ತವೆ. ಮೂತ್ರಕೋಶಕ್ಕೆ ಉರಿಯೂತವಾದಾಗ ಇದರ ಆಟ ಜಾಸ್ತಿ. ಇದು ಹೋಗಿ ಕೂರುವ ಎನ್‌ಕೆ1 ರಿಸೆಪ್ಟರನ್ನು (ನರಕೋಶದ ಮೇಲಿನ ಗ್ರಾಹಕವನ್ನು) ಬೆನ್ನುಹುರಿಯಲ್ಲೇ ತಡೆದರೆ, ಇಲಿಯ ಮೂತ್ರಕೋಶ ಹೆಚ್ಚು ಹೊತ್ತು ಸುಮ್ಮನಿರುತ್ತದೆ.

ಎನ್‌ಕೆಫಲಿನ್ ಇದಕ್ಕೆ ಉಲ್ಟಾ. ದೇಹದ್ದೇ ಓಪಿಯಾಯ್ಡ್ (ಮಾರ್ಫೀನ್ ಥರದ ವಸ್ತು) ಇದು, ಬ್ರೇಕ್ ಹಾಕುತ್ತದೆ. ಬೆಕ್ಕಿಗೆ ಓಪಿಯಾಯ್ಡ್ ತಡೆಯುವ ನಲಾಕ್ಸೋನ್ ಕೊಟ್ಟರೆ, ಕಡಿಮೆ ಮೂತ್ರ ತುಂಬಿದಾಗಲೇ ಮೂತ್ರಕೋಶ ಹಿಂಡಲು ಶುರುಮಾಡುತ್ತದೆ. ಮನುಷ್ಯರಿಗೂ ಬೆನ್ನುಹುರಿಯ ಬಳಿ ಮಾರ್ಫೀನ್ ಕೊಟ್ಟ ಮೇಲೆ ಮೂತ್ರ ಕಟ್ಟಿಕೊಳ್ಳುತ್ತದೆ ಅಲ್ವಾ, ಅದೇ ಕಥೆ.

ನನಗೆ ತುಂಬ ಕುತೂಹಲ ಹುಟ್ಟಿಸುವುದು ವಿಐಪಿ. (ಹೆಸರು ನೋಡಿ ನಗಬೇಡಿ, ಇದು ‘ವ್ಯಾಸೋಆಕ್ಟಿವ್ ಇಂಟೆಸ್ಟಿನಲ್ ಪೆಪ್ಟೈಡ್’, ಕರುಳಿನಲ್ಲಿ ಮೊದಲು ಸಿಕ್ಕ ಪೆಪ್ಟೈಡ್.) ಬೆನ್ನುಹುರಿ ತುಂಡಾದ ಬೆಕ್ಕಿನಲ್ಲಿ ಮೂತ್ರದ ರಿಫ್ಲೆಕ್ಸ್ ಮೆದುಳನ್ನು ಬಿಟ್ಟು ಸಿ-ಫೈಬರ್‌ಗಳ ಕೈಗೆ ಹೋಗುತ್ತದೆ. ಆಗ ವಿಐಪಿ ಇರುವ ನರತುದಿಗಳು ಬೆನ್ನುಹುರಿಯಲ್ಲಿ ಹರಡಿಕೊಳ್ಳುತ್ತವೆ. ಅಂಥ ಬೆಕ್ಕಿನ ಬೆನ್ನುಹುರಿಗೆ ವಿಐಪಿ ಕೊಟ್ಟರೆ ಮೂತ್ರಕೋಶ ಚುರುಕಾಗುತ್ತದೆ. ಸಿ-ಫೈಬರ್‌ಗಳನ್ನು ಮಂಕಾಗಿಸುವ ಕ್ಯಾಪ್ಸೈಸಿನ್, ಅಂದರೆ ಮೆಣಸಿನಕಾಯಿಯ ಖಾರದ ಅಂಶ, ಕೊಟ್ಟರೆ ಈ ರಿಫ್ಲೆಕ್ಸ್ ನಿಲ್ಲುತ್ತದೆ. ಆರೋಗ್ಯವಂತ ಬೆಕ್ಕಿನಲ್ಲಿ ಹಾಗೆ ನಿಲ್ಲುವುದಿಲ್ಲ.