ಮೊಮ್ಮಗನ ಆಪರೇಷನ್ನು, ಜೀನಿನ ಭಯ

ದಾವಣಗೆರೆ ವಿದ್ಯಾನಗರದ ಓದುಗರೊಬ್ಬರು ಬರೆದಿದ್ದಾರೆ: “ನಾಲ್ಕು ತಿಂಗಳ ಮೊಮ್ಮಗನಿಗೆ ಹರ್ನಿಯಾ ಆಪರೇಷನ್ ಆಗಬೇಕು. ಅನಸ್ತೇಷಿಯಾ ಕೊಟ್ಟರೆ ಮಗುವಿನ ಜೀನೇ ಬದಲಾಗುತ್ತದೆ ಅಂತ ಓದಿದೆ. ವರ್ಷ ತುಂಬಲಿ ಅಂತ ಮಗಳನ್ನು ತಡೆದಿದ್ದೇನೆ. ಸರೀನಾ?”

ಅಮ್ಮಾ, ತಡೆಯಬೇಡಿ. ಡಾಕ್ಟರ್ ಹೇಳಿದ ದಿನವೇ ಆಗಲಿ. ಎಳೆ ಕೂಸಿನ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡರೆ ರಾತ್ರೋರಾತ್ರಿ ಓಡಬೇಕಾಗುತ್ತದೆ.

ನೀವು ಓದಿದ್ದು ಪೂರ್ತಿ ಸುಳ್ಳೂ ಅಲ್ಲ. ಜೀನು ಬದಲಾಗುವುದಿಲ್ಲ, ಅದರ ಕೆಲಸ ಹೆಚ್ಚುಕಡಿಮೆ ಆಗುತ್ತದೆ. ನಮ್ಮ ಭದ್ರಾ ನಾಲೆ ನೋಡಿದ್ದೀರಲ್ವಾ? ನಾಲೆ ಇದ್ದಲ್ಲೇ ಇರುತ್ತದೆ. ತೂಬು ಎತ್ತಿದರೆ ಗದ್ದೆಗೆ ನೀರು ಜಾಸ್ತಿ, ಇಳಿಸಿದರೆ ಕಡಿಮೆ. ಇಲಿಗಳಿಗೆ ಸೆವೋಫ್ಲುರೇನ್ ಎಂಬ ಅನಸ್ತೇಷಿಯಾ ಅನಿಲ ಕೊಟ್ಟಾಗ, ಹಗಲು-ರಾತ್ರಿಯ ಲೆಕ್ಕ ಇಡುವ ‘ಪರ್2’ ಜೀನಿನ ಕೆಲಸ ಮೆದುಳಿನಲ್ಲಿ ತಗ್ಗಿದ್ದು ಕಂಡಿದೆ. ಆಪರೇಷನ್ ಆದವರ ನಿದ್ದೆ ಯಾಕೆ ಹದ ತಪ್ಪುತ್ತದೆ ಅಂತ ಹುಡುಕುವವರಿಗೆ ಇದೊಂದು ಸುಳಿವು.

ದೊಡ್ಡ ಭಯ ಹುಟ್ಟಿದ್ದು 2003ರಲ್ಲಿ. 7 ದಿನದ ಇಲಿಮರಿಗಳಿಗೆ ಅನಸ್ತೇಷಿಯಾದ ಮೂರು ಔಷಧಿ ಸೇರಿಸಿ 6 ಗಂಟೆ ಕೊಟ್ಟರು. ಮೆದುಳಿನ ಕೋಶಗಳು ಸತ್ತವು, ಕಲಿಯುವ ಶಕ್ತಿ ಕುಗ್ಗಿತು. ಆದರೆ ಇಲಿಮರಿಗೆ 6 ಗಂಟೆ ಎಷ್ಟು ದೊಡ್ಡದು, ಯೋಚಿಸಿ. ಆಮೇಲೆ ಕೂಸುಗಳಲ್ಲೇ ನೋಡಿದರು, ಅದೂ ಹರ್ನಿಯಾ ಆಪರೇಷನ್ ಆದ ಕೂಸುಗಳು. 7 ದೇಶಗಳ 722 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಸೆವೋಫ್ಲುರೇನ್, ಉಳಿದವರಿಗೆ ಎಚ್ಚರವಿದ್ದಂತೆಯೇ ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್. 5 ವರ್ಷ ತುಂಬಿದಾಗ ಬುದ್ಧಿಶಕ್ತಿ ಅಳೆದರೆ ಎರಡೂ ಕಡೆ ಒಂದೇ. 2019ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಲ್ಲಿ ಅನಿಲ ಕೊಟ್ಟಿದ್ದು ಹೆಚ್ಚಿನವರಿಗೆ ಒಂದು ಗಂಟೆಯ ಆಸುಪಾಸು, ಇದು ಮುಖ್ಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಸಿದ್ದು 3 ವರ್ಷದೊಳಗಿನವರಿಗೆ 3 ಗಂಟೆ ಮೀರಿ, ಇಲ್ಲವೇ ಮತ್ತೆ ಮತ್ತೆ ಕೊಡುವ ಬಗ್ಗೆ. “ಎಷ್ಟು ಹೊತ್ತು ಹಿಡಿಯುತ್ತೆ?” ಅಂತ ಧೈರ್ಯವಾಗಿ ಕೇಳಿ.

ನಾನು ಜಾಸ್ತಿ ಹೆದರುವುದು ಬೇರೆಯದಕ್ಕೆ. ಚಿತ್ರದುರ್ಗದಲ್ಲಿ ನನ್ನ ಮೊಮ್ಮಗಳ ಆಪರೇಷನ್. ಹಸಿದ ಕೂಸು ನನ್ನ ಹೆಗಲ ಟವೆಲ್ಲಿನ ತುದಿ ಚೀಪುತ್ತಿತ್ತು. ಚೀಲದಲ್ಲಿ ಹಾಲಿನ ಬಾಟಲಿ. ಎರಡು ಸಲ ಕೈ ಹೋಯಿತು. ಕೊಡಲಿಲ್ಲ. ಅನಸ್ತೇಷಿಯಾದಲ್ಲಿ ಕೆಮ್ಮುವ ಶಕ್ತಿಯೂ ಮಲಗಿರುತ್ತದೆ. ಹೊಟ್ಟೆಯ ಹಾಲು ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯಬಹುದು. ಎದೆಹಾಲು ಆದರೆ ಸಾಮಾನ್ಯವಾಗಿ 4 ಗಂಟೆ, ಡಬ್ಬಿ ಹಾಲು ಆದರೆ 6 ಗಂಟೆ ಮೊದಲೇ ನಿಲ್ಲಿಸಲು ಹೇಳುತ್ತಾರೆ. ನಿಮ್ಮ ಡಾಕ್ಟರ್ ಹೇಳಿದ್ದನ್ನೇ ಪಾಲಿಸಿ. ಕೊನೆಯ ಸಲ ಎಷ್ಟೊತ್ತಿಗೆ ಹಾಲು ಕೊಟ್ಟಿದ್ದು ಅಂತ ಮಗಳು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಒಳಗೆ ಕರೆದೊಯ್ಯುವಾಗ ಮೊದಲು ಕೇಳುವುದರಲ್ಲಿ ಅದೂ ಒಂದು.